ಟೈಲ್ಸ್ ಕೂರುವ ಮುಂಚೆ: ಬಚ್ಚಲ ಪೈಪಿನ ಬೆಂಡು, ಟೀ, ಟ್ರಾಪುಗಳ ಲೆಕ್ಕಾಚಾರ

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. "ನಮ್ಮ ಬಾತ್‌ರೂಮ್ ಸೀಲಿಂಗ್ ತೊಟ್ಟಿಕ್ಕುತ್ತಿದೆ, ಒಂದ್ಸಲ ಬಂದು ನೋಡ್ತೀರಾ?" ಅಂದರು. ಹೋಗಿ ನೋಡಿದರೆ ಸುಣ್ಣ ಉಬ್ಬಿತ್ತು, ಹಳದಿ ಕಲೆ ಹರಡಿತ್ತು. ನಮ್ಮ ಬಚ್ಚಲಿನ ಟೈಲ್ಸ್ ಒಡೆಯದೆ ಬೇರೆ ದಾರಿ ಇರಲಿಲ್ಲ. ಎರಡು ದಿನ ಅಗೆದ ಮೇಲೆ ಸಿಕ್ಕಿದ್ದು ಒಂದು ಬೆಂಡು, ಅಂದರೆ ಪೈಪನ್ನು ತಿರುಗಿಸುವ ಬಾಗಿದ ತುಂಡು. ಪೈಪನ್ನು ಅದರೊಳಗೆ ತೂರಿಸಿದ್ದರು, ಎರಡನ್ನೂ ಬೆಸೆಯುವ ಸಲ್ಯೂಷನ್ ಹಚ್ಚಿರಲಿಲ್ಲ. ಅಳತೆ ನೋಡಲು ಸುಮ್ನೆ ಜೋಡಿಸಿಟ್ಟಿದ್ದಾರೆ, ಆಮೇಲೆ ಮರೆತಿದ್ದಾರೆ, ಅದರ ಮೇಲೆಯೇ ಗಾರೆ ಬಿದ್ದಿದೆ.

ಆ ಬೆಂಡಿನ ಬೆಲೆ ನೂರು ರೂಪಾಯಿಯೂ ಇಲ್ಲ. ಅದನ್ನು ಸರಿಮಾಡಲು ಇಡೀ ಬಚ್ಚಲನ್ನು ಮತ್ತೆ ಕಟ್ಟಿಸಿದ ಹಾಗಾಯಿತು.

ಮನೆ ಕಟ್ಟಿಸುವಾಗ ಟೈಲ್ಸ್‌ಗೆ ನಾಲ್ಕು ಅಂಗಡಿ ಸುತ್ತುತ್ತೇವೆ. ನಲ್ಲಿಯ ಹೊಳಪನ್ನು ಕೈಯಿಂದ ಉಜ್ಜಿ ನೋಡುತ್ತೇವೆ. ಆದರೆ ನೆಲದೊಳಗೆ ಹೂತುಹೋಗುವ ಪೈಪು, ಬೆಂಡು, ವಾಸನೆ ತಡೆಯುವ ಟ್ರಾಪುಗಳನ್ನು ಪ್ಲಂಬರ್ ತಂದದ್ದೇ ಸರಿ ಎಂದು ಬಿಟ್ಟುಬಿಡುತ್ತೇವೆ. ಹಾಳಾದ ನಲ್ಲಿಯನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು. ಹೂತ ಬೆಂಡನ್ನು ಬದಲಿಸಲು ನೆಲವನ್ನೇ ಒಡೆಯಬೇಕು. ಹಾಗಾಗಿ ಒಂದಿಷ್ಟು ಮೂಲ ವಿಷಯ ಮನೆಯವರಿಗೇ ಗೊತ್ತಿರುವುದು ಒಳ್ಳೆಯದು. ಕಷ್ಟದ ವಿಷಯವೇನಲ್ಲ.

ನೂಕುವವರಿಲ್ಲದ ನೀರು

ಮನೆಯಲ್ಲಿ ಎರಡು ಜಾತಿಯ ಪೈಪುಗಳಿವೆ. ಒಂದು ನೀರು ತರುವುದು, ಇನ್ನೊಂದು ನೀರು ಕಳಿಸುವುದು.

ತರುವ ಪೈಪಿನಲ್ಲಿ ಒತ್ತಡ ಇರುತ್ತದೆ. ಮೇಲಿನ ಟ್ಯಾಂಕಿನ ಭಾರವೋ, ಪಂಪಿನ ಬಲವೋ ನೀರನ್ನು ನೂಕುತ್ತದೆ. ಆ ಪೈಪು ಮೇಲೆ ಹತ್ತಲಿ, ಕೆಳಗೆ ಇಳಿಯಲಿ, ನಾಲ್ಕು ಕಡೆ ತಿರುಗಲಿ, ನೀರು ಬರುತ್ತದೆ.

ಕಳಿಸುವ ಪೈಪಿನಲ್ಲಿ ನೂಕುವವರು ಯಾರೂ ಇಲ್ಲ. ಗದ್ದೆಯ ಕಾಲುವೆಯ ಹಾಗೆ, ನೆಲ ಎತ್ತ ಇಳಿದಿದೆಯೋ ನೀರು ಅತ್ತ ಹರಿಯುತ್ತದೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಮಾತಿದೆ: ವಾಟ. ವಾಟ ಇದ್ದರೆ ಹರಿವು, ಇಲ್ಲದಿದ್ದರೆ ಕೊಳೆ. ಜೊತೆಗೆ ಈ ಪೈಪಿನಲ್ಲಿ ನೀರು ಒಂದೇ ಹೋಗುವುದಿಲ್ಲ. ಮಲ, ಕೂದಲು, ಸೋಪಿನ ಜಿಡ್ಡು, ಅನ್ನದ ಅಗುಳು, ಎಣ್ಣೆ, ಎಲ್ಲವೂ ಹೋಗಬೇಕು. ಪೈಪು ತುಂಬಿ ಹರಿಯುವುದೂ ಇಲ್ಲ. ಕೆಳಭಾಗದಲ್ಲಿ ನೀರು, ಮೇಲ್ಭಾಗದಲ್ಲಿ ಗಾಳಿ.

ಈ ಮೂರು ಸಂಗತಿ ನೆನಪಿಟ್ಟುಕೊಳ್ಳಿ: ಒತ್ತಡ ಇಲ್ಲ, ಕಸ ಇದೆ, ಗಾಳಿ ಇದೆ. ಕೆಳಗೆ ಹೇಳುವ ಬೆಂಡು, ಟೀ, ಟ್ರಾಪು, ಕೌಲ್ ಎಲ್ಲವೂ ಈ ಮೂರರಿಂದಲೇ ಹುಟ್ಟಿವೆ.

ಅಂಗಡಿಯಲ್ಲಿ ಏನು ಕೇಳಬೇಕು?

ಬಚ್ಚಲಿಗೆ, ಕಕ್ಕಸಿಗೆ ಹಾಕುವ ಪೈಪನ್ನು ಅಂಗಡಿಯವರು ಎಸ್‌ಡಬ್ಲ್ಯುಆರ್ ಎನ್ನುತ್ತಾರೆ. ಸಾಯಿಲ್, ವೇಸ್ಟ್, ರೇನ್ ಎಂಬ ಮೂರು ಪದಗಳ ಮೊದಲಕ್ಷರ ಅದು. ಸಾಯಿಲ್ ಅಂದರೆ ಇಲ್ಲಿ ಮಣ್ಣಲ್ಲ, ಕಮೋಡಿನಿಂದ ಬರುವ ಮಲ. ವೇಸ್ಟ್ ಅಂದರೆ ಸ್ನಾನ, ಪಾತ್ರೆ, ಬಟ್ಟೆಯ ನೀರು. ರೇನ್ ಮಳೆ ನೀರು. ಸಾಮಾನ್ಯವಾಗಿ ಇವು ಬೂದು ಬಣ್ಣದವು. ಆದರೆ ಬಣ್ಣ ನೋಡಿ ಕೊಳ್ಳಬೇಡಿ, ಪೈಪಿನ ಮೈಮೇಲೆ ಏನು ಬರೆದಿದೆ ಎಂದು ಓದಿ.

ಅಲ್ಲಿ ಐಎಸ್‌ಐ ಗುರುತಿನ ಜೊತೆ ಐಎಸ್ 13592 ಎಂದಿರಬೇಕು. ಮನೆಯೊಳಗಿನ ಮಲ, ತ್ಯಾಜ್ಯ, ಮಳೆ ನೀರಿನ ಪೈಪಿಗೆ ಇರುವ ಭಾರತೀಯ ಮಾನಕ ಅದು. ಅವುಗಳ ಬೆಂಡು, ಟೀ ಮುಂತಾದ ಫಿಟಿಂಗ್‌ಗಳ ಮಾನಕ ಐಎಸ್ 14735. ಐಎಸ್ 4985 ಎಂದಿದ್ದರೆ ಅದು ಒತ್ತಡದ ನೀರು ತರುವ ಪೈಪು. ಗುರುತಿನ ಪಕ್ಕದ ಲೈಸೆನ್ಸ್ ಸಂಖ್ಯೆ ನಿಜವೋ ಸುಳ್ಳೋ ಎಂದು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು.

ಇನ್ನೊಂದು ಅಕ್ಷರ ಬಹಳ ಮುಖ್ಯ. ಟೈಪ್ ಎ, ಟೈಪ್ ಬಿ ಎಂದು ಎರಡು ಬಗೆ ಇದೆ. ಎ ತೆಳು. ಅದು ಮಳೆ ನೀರಿಗೆ, ಗಾಳಿ ಪೈಪಿಗೆ. ಬಿ ದಪ್ಪ. ಅದು ಮಲ ಮತ್ತು ತ್ಯಾಜ್ಯದ ನೀರಿಗೆ. 110 ಮಿ.ಮೀ. ಪೈಪಿನಲ್ಲಿ ಟೈಪ್ ಎ ಗೋಡೆಯ ದಪ್ಪ ಕನಿಷ್ಠ 2.2 ಮಿ.ಮೀ., ಟೈಪ್ ಬಿ ಕನಿಷ್ಠ 3.2 ಮಿ.ಮೀ. ಒಂದೇ ಒಂದು ಮಿ.ಮೀ. ವ್ಯತ್ಯಾಸ. ಎ ಅಗ್ಗ, ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಕಂಟ್ರಾಕ್ಟರ್ ಕಡೆಯಿಂದ ಸಾಮಾನು ಬಂದಾಗ ಈ ಅಕ್ಷರವನ್ನು ನೀವೇ ಓದಿ ನೋಡಿ. ಗಾರೆಯ ಭಾರ ಹೊತ್ತು ಹತ್ತಾರು ವರ್ಷ ನೆಲದಡಿ ಇರಬೇಕಾದ ಪೈಪು ಅದು.

ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳಿ. ಎಸ್‌ಡಬ್ಲ್ಯುಆರ್ ಪೈಪುಗಳ ಅಳತೆ ಹೊರಗಿನ ವ್ಯಾಸ: 50, 75, 90, 110, 160 ಹೀಗೆ. "ನಾಲ್ಕಿಂಚು" ಅಂದರೆ ಇಲ್ಲಿ 110 ಮಿ.ಮೀ. ಆದರೆ ಇಂಚಿನ ಲೆಕ್ಕದಲ್ಲೇ ತಯಾರಾಗುವ ಬಿಳಿ ಪ್ಲಂಬಿಂಗ್ ಪೈಪುಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಎರಡಿಂಚಿನ ಪೈಪಿನ ಹೊರವ್ಯಾಸ 60.3 ಮಿ.ಮೀ. ನಮ್ಮ ಮಿಲಿಮೀಟರ್ ಲೆಕ್ಕದ "ಎರಡಿಂಚು" 63 ಮಿ.ಮೀ. ಎರಡನ್ನೂ ಎರಡಿಂಚು ಎಂದೇ ಕರೆಯುತ್ತಾರೆ, ಒಂದರೊಳಗೆ ಒಂದು ಕೂರುವುದಿಲ್ಲ. ಆಗ ಕೆಲವರು ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ಕೂರಿಸುತ್ತಾರೆ. ಹಿಗ್ಗಿದ ಜಾಗದಲ್ಲಿ ಗೋಡೆ ತೆಳುವಾಗುತ್ತದೆ, ಜೋಡಣೆ ಬಿಗಿಯಾಗಿ ಕಚ್ಚುವುದಿಲ್ಲ. ಸುಟ್ಟ ಪಿವಿಸಿಯ ಹೊಗೆ ಎದೆಗೂ ಒಳ್ಳೆಯದಲ್ಲ. ಬೆಂಕಿ ಹಚ್ಚುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ, ಎರಡನ್ನೂ ಸೇರಿಸುವ ಸರಿಯಾದ ಕಪ್ಲರ್ ತರಿಸಿ.

ಎಲ್ಲಿಗೆ ಎಷ್ಟು? ಕಮೋಡಿಗೆ 110. ಬಚ್ಚಲ ನೆಲಕ್ಕೆ 75. ಅಡುಗೆ ಮನೆಯ ಸಿಂಕಿಗೆ 50, ಮುಂದೆ 75ಕ್ಕೆ ಸೇರಿಸುವುದು ರೂಢಿ. ವಾಶ್ ಬೇಸಿನ್ನಿಗೆ 40 ಅಥವಾ 50 ಸಾಕು. ಇದರಲ್ಲಿ ಮೀರಬಾರದ ನಿಯಮ ಒಂದಿದೆ. ನೀರು ಹರಿಯುವ ದಿಕ್ಕಿನಲ್ಲಿ ಪೈಪು ದೊಡ್ಡದಾಗಬಹುದು, ಚಿಕ್ಕದಾಗಕೂಡದು. ಹಳ್ಳ ಹೋಗಿ ಹೊಳೆ ಸೇರಬೇಕು, ಹೊಳೆ ಹೋಗಿ ಹಳ್ಳ ಸೇರಿದರೆ ಕಸ ಬಾಯಿಯಲ್ಲೇ ನಿಲ್ಲುತ್ತದೆ.

ತಿರುವುಗಳು: ಬೆಂಡು, ಟೀ, ವೈ

ಫಿಟಿಂಗ್ ಅಂದರೆ ಪೈಪುಗಳನ್ನು ಸೇರಿಸುವ, ತಿರುಗಿಸುವ, ಕವಲೊಡೆಸುವ ತುಂಡುಗಳು. ನೇರ ಸೇರಿಸುವುದು ಕಪ್ಲರ್. ಅಳತೆ ಬದಲಿಸುವುದು ರೆಡ್ಯೂಸರ್. ಇವೆರಡು ಸುಲಭ. ತಿರುವುಗಳಲ್ಲಿ ಮಾತ್ರ ಸ್ವಲ್ಪ ನಿಂತು ನೋಡಬೇಕು.

ಎಸ್‌ಡಬ್ಲ್ಯುಆರ್ ಬೆಂಡಿನ ಮೇಲೆ 87.5 ಡಿಗ್ರಿ ಎಂದು ಬರೆದಿರುತ್ತದೆ. ಪೂರ್ತಿ 90 ಯಾಕಿಲ್ಲ? ನೆಟ್ಟಗೆ ನಿಂತ ಪೈಪಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಅಡ್ಡ ಪೈಪು ಸೇರಿಸಿದರೆ ಅದು ಮಟ್ಟಸವಾಗಿ ಮಲಗುತ್ತದೆ, ವಾಟ ಸಿಗುವುದಿಲ್ಲ. ಎರಡೂವರೆ ಡಿಗ್ರಿ ಕಡಿಮೆ ಮಾಡಿದ್ದರಿಂದ ಅಡ್ಡ ಪೈಪು ತಾನಾಗಿಯೇ ಇಳಿಜಾರಿನತ್ತ ವಾಲುತ್ತದೆ. ಎರಡೂವರೆ ಡಿಗ್ರಿ ಅಂದರೆ ಅಡಿಗೆ ಸುಮಾರು ಅರ್ಧ ಇಂಚು. ಒತ್ತಡದ ಪೈಪಿನ ತಿರುವು ತುಂಡಾದ ಎಲ್ಬೋ ತಂದು ಇಲ್ಲಿ ಹಾಕಬಾರದು ಅನ್ನುವುದಕ್ಕೆ ಇದೊಂದು ಕಾರಣ. ಅದು ಪೂರ್ತಿ 90 ಇರುತ್ತದೆ, ಒಳಗಿನ ತಿರುವೂ ಚೂಪು. ನೀರನ್ನು ನೂಕುವ ಬಲ ಇದ್ದಾಗ ಚೂಪು ತಿರುವು ನಡೆಯುತ್ತದೆ. ಇಲ್ಲಿ ಕಸ ಅದೇ ಮೂಲೆಯಲ್ಲಿ ಕೂರುತ್ತದೆ.

ಘಾಟಿ ರಸ್ತೆಯನ್ನು ನೆನಪಿಸಿಕೊಳ್ಳಿ. ಅಗಲವಾದ ತಿರುವಿನಲ್ಲಿ ಬಸ್ಸು ಸಲೀಸಾಗಿ ಇಳಿಯುತ್ತದೆ, ಕತ್ತರಿ ತಿರುವಿನಲ್ಲಿ ನಿಂತು ನಿಂತು ಇಳಿಯಬೇಕು. ಹಾಗಾಗಿ ಮೇಲಿನಿಂದ ಬರುವ ನಿಂತ ಪೈಪು ಬುಡದಲ್ಲಿ ಅಡ್ಡ ತಿರುಗುವ ಜಾಗದಲ್ಲಿ ಒಂದೇ 87.5ರ ಬೆಂಡಿನ ಬದಲು ಎರಡು 45 ಡಿಗ್ರಿ ಬೆಂಡು ಹಾಕಿಸಿ. ಮೂರು ಮಹಡಿಯಿಂದ ಬೀಳುವ ನೀರು ಆಗ ಢಬ್ ಎಂದು ಬಡಿಯದೆ ಜಾರಿಕೊಂಡು ಹೋಗುತ್ತದೆ. ಕಟ್ಟಿಕೊಳ್ಳುವುದೂ ಕಡಿಮೆ, ಸದ್ದೂ ಕಡಿಮೆ.

ಟೀ ಮತ್ತು ವೈ ಎರಡೂ ಕವಲುಗಳು. ಟೀ ಹೆಚ್ಚು ಕಡಿಮೆ ಲಂಬವಾಗಿ ಸೇರುತ್ತದೆ, ವೈ ಓರೆಯಾಗಿ ಸೇರುತ್ತದೆ. ಅಡ್ಡ ಪೈಪು ನಿಂತ ಪೈಪಿಗೆ ಸೇರುವಾಗ ಟೀ ಸರಿ. ನೀರು ಹೇಗೂ ಕೆಳಗೆ ಬೀಳುತ್ತದೆ. ಆದರೆ ಮಲಗಿದ ಪೈಪಿಗೆ ಇನ್ನೊಂದು ಮಲಗಿದ ಪೈಪು ಸೇರುವಾಗ ವೈ ಬೇಕು. ಅಡ್ಡರಸ್ತೆಯಿಂದ ಬಂದ ಗಾಡಿ ಮುಖ್ಯ ರಸ್ತೆಗೆ ಓರೆಯಾಗಿ ಸೇರಿಕೊಂಡರೆ ಸಂಚಾರ ನಿಲ್ಲುವುದಿಲ್ಲ, ಅಲ್ವಾ? ಲಂಬವಾಗಿ ನುಗ್ಗಿದರೆ ಎದುರಿನ ಗೋಡೆಗೆ ಬಡಿದು ಕಸವನ್ನು ಹಿಂದಕ್ಕೂ ತಳ್ಳುತ್ತದೆ. ವೈ ಕೂರಿಸುವಾಗ ಅದರ ಕವಲು ನೀರು ಬರುವ ಕಡೆಗೆ ಚಾಚಿರಬೇಕು. ಉಲ್ಟಾ ಕೂರಿಸಿದ ವೈಗಳನ್ನು ನಾನೇ ಕಂಡಿದ್ದೇನೆ. ನೀರು ಬರುವ ದಿಕ್ಕಿಗೆ ಬೆರಳು ತೋರಿಸಿ ಕೇಳಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಡೋರ್ ಬೆಂಡ್, ಡೋರ್ ಟೀ ಎಂದು ಕೇಳಿರುತ್ತೀರಿ. ಬೆನ್ನಿನಲ್ಲಿ ಬಿಚ್ಚಬಹುದಾದ ಮುಚ್ಚಳ ಇರುವ ಫಿಟಿಂಗ್ ಅದು. ಕಟ್ಟಿಕೊಂಡರೆ ಮುಚ್ಚಳ ತೆಗೆದು ಕಂಬಿ ಹಾಕಿ ಬಿಡಿಸಬಹುದು. ತಿರುವು ಇರುವಲ್ಲೆಲ್ಲ ಒಂದು ಡೋರ್ ಇರಲಿ, ಅದು ಕೈಗೆ ಸಿಗುವ ಕಡೆ ಮುಖ ಮಾಡಿರಲಿ. ಗೋಡೆಗೆ ಮುಖ ಮಾಡಿದ ಡೋರ್ ಬೇಕಾದ ದಿನ ಉಪಯೋಗಕ್ಕೆ ಬರುವುದಿಲ್ಲ.

ಟ್ರಾಪ್: ನೀರಿನದೇ ಬೀಗ

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಚರಂಡಿಯಿಂದ ನೀರು ಹೊರಗೆ ಹೋಗಬೇಕು, ವಾಸನೆ ಒಳಗೆ ಬರಬಾರದು. ಮುಚ್ಚಿ ತೆರೆಯುವ ಬಾಗಿಲು ಇಟ್ಟರೆ ಅದರಲ್ಲಿ ಕಸ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಏನು ಮಾಡುವುದು? ಪೈಪನ್ನು ಒಂದು ಕಡೆ ಕೆಳಗೆ ಬಾಗಿಸಿ ಮತ್ತೆ ಮೇಲೆತ್ತಿದರೆ ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಲ್ಲುತ್ತದೆ. ಆ ನೀರೇ ಬೀಗ. ಹೊಸ ನೀರು ಬಂದರೆ ಹಳೆಯದನ್ನು ತಳ್ಳಿ ಮುಂದೆ ಹೋಗುತ್ತದೆ, ಗಾಳಿ ಮಾತ್ರ ಅದನ್ನು ದಾಟಿ ಬರಲಾರದು. ಕಕ್ಕಸಿಗೆ ಇಂತಹ ಬಾಗಿದ ಪೈಪನ್ನು ಜೋಡಿಸಿ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ. ಇವತ್ತಿಗೂ ಅದೇ ಉಪಾಯ ನಡೆಯುತ್ತಿದೆ.

ನಿಂತ ನೀರಿನ ಆಳ 50 ಮಿ.ಮೀ. ಇರುವ ಟ್ರಾಪು ಕೊಳ್ಳಿ. ಅಂದರೆ ಎರಡು ಇಂಚು. ಕಡಿಮೆ ಜಾಗದಲ್ಲಿ ಕೂರುತ್ತದೆ ಎಂದು ಆಳ ಕಡಿಮೆ ಇರುವ ಟ್ರಾಪುಗಳನ್ನು ಮಾರುತ್ತಾರೆ. ಅವು ಬೇಗ ಒಣಗುತ್ತವೆ.

ಬಚ್ಚಲ ನೆಲದಲ್ಲಿ ಜಾಲಿಯ ಕೆಳಗೆ ಇರುವುದು ನಹಾನಿ ಟ್ರಾಪ್. ಮರಾಠಿಯಲ್ಲಿ ನ್ಹಾಣಿ ಎಂದರೆ ಬಚ್ಚಲು. ಹೆಸರು ಅಲ್ಲಿಂದ ಬಂದಿದೆ. ವಾಶ್ ಬೇಸಿನ್ ಕೆಳಗಿನ ಬಾಟಲಿಯಂಥದ್ದು ಬಾಟಲ್ ಟ್ರಾಪ್. ತಳ ಬಿಚ್ಚಿ ತೊಳೆಯಬಹುದು, ಬಿದ್ದ ಉಂಗುರವೂ ಅಲ್ಲೇ ಸಿಗುತ್ತದೆ. ಮನೆಯ ಹೊರಗೆ, ಸ್ನಾನದ ಮತ್ತು ಅಡುಗೆ ಮನೆಯ ನೀರು ಚೇಂಬರ್ (ಚರಂಡಿ ಪೈಪುಗಳು ಕೂಡುವ ಗುಂಡಿ) ಸೇರುವ ಮೊದಲು ಇರುವುದು ಗಲ್ಲಿ ಟ್ರಾಪ್. ಕಮೋಡಿನ ಪೈಪು ಅದಕ್ಕೆ ಸೇರಬಾರದು, ನೇರ ಚೇಂಬರಿಗೆ ಹೋಗಬೇಕು.

ಕಮೋಡಿನೊಳಗೇ ಟ್ರಾಪ್ ಇರುತ್ತದೆ. ಬಾಯಿ ನೆಲಕ್ಕೆ ಇದ್ದರೆ ಎಸ್, ಗೋಡೆಗೆ ಇದ್ದರೆ ಪಿ. ಇಲ್ಲಿ ಒಂದು ಮಾತು: ಮೊದಲು ಕಮೋಡು ಆರಿಸಿ, ಆಮೇಲೆ ಪೈಪು ಕೂರಿಸಿ. ಎಸ್ ಬಗೆಯಲ್ಲಿ ಗೋಡೆಯಿಂದ ಪೈಪಿನ ನಡುವಿಗೆ ಎಷ್ಟು ದೂರ ಎನ್ನುವುದು ಒಂದೊಂದು ಮಾದರಿಗೆ ಒಂದೊಂದು. ಆ ಅಳತೆ ಮುಗಿದ ಗೋಡೆಯಿಂದ, ಇಟ್ಟಿಗೆಯಿಂದಲ್ಲ. ಗಾರೆ, ಟೈಲ್ಸ್ ದಪ್ಪ ಸೇರಿಸಿ ಲೆಕ್ಕ ಹಾಕದಿದ್ದರೆ ಕಮೋಡು ಗೋಡೆಗೆ ಒತ್ತಿಕೊಳ್ಳುತ್ತದೆ.

ಮನೆಯೊಳಗೆ ಒಂದು ದಾರಿಗೆ ಒಂದೇ ಟ್ರಾಪ್. ವಾಸನೆ ಬರುತ್ತದೆ ಎಂದು ಒಂದರ ಹಿಂದೆ ಒಂದು ಎರಡು ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಂಡು ನೀರು ಗುಳುಗುಳು ಎಂದು ನಿಂತುಬಿಡುತ್ತದೆ.

ಸಿಂಕಿನ ಕೆಳಗೆ ಸುರುಳಿ ಸುರುಳಿ ಇರುವ ಬಗ್ಗುವ ಪೈಪನ್ನು ನೇರ ಗೋಡೆಯ ತೂತಿಗೆ ತೂರಿಸಿರುವುದು ಬಹಳ ಮನೆಗಳಲ್ಲಿ ಇದೆ. ಮುಂದೆ ಎಲ್ಲಾದರೂ ಗಲ್ಲಿ ಟ್ರಾಪ್ ಇದ್ದರೂ ನಡುವಿನ ಉದ್ದ ಪೈಪಿನ ಜಿಡ್ಡಿನ ವಾಸನೆ, ಜಿರಳೆ ಆ ತೂತಿನಿಂದಲೇ ಬರುತ್ತವೆ. ತೂತಿನ ಸುತ್ತ ರಬ್ಬರ್ ಬುಷ್ ಹಾಕಿಸಿ.

ಈ ನೀರಿನ ಬೀಗ ಒಣಗಿದರೆ ಏನಾಗುತ್ತದೆ? ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳಾದ ಮೇಲೆ ಬಾಗಿಲು ತೆಗೆದರೆ ಮನೆಯೆಲ್ಲ ಚರಂಡಿ ವಾಸನೆ. ಟ್ರಾಪಿನ ನೀರು ಆವಿಯಾಗಿರುತ್ತದೆ, ಅಷ್ಟೇ. ಒಂದು ಚೊಂಬು ನೀರು ಹಾಕಿದರೆ ಸರಿ. ಹೋಗುವ ಮುಂಚೆ ಟ್ರಾಪಿಗೆ ಒಂದೆರಡು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಬೇಗ ಆರುವುದಿಲ್ಲ. ಆದರೆ ಇದು ಬರೀ ವಾಸನೆಯ ವಿಷಯವಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗುಲಿತು. ಬಾತ್‌ರೂಮ್ ನೆಲದ ಟ್ರಾಪುಗಳು ಒಣಗಿದ್ದವು, ಎಕ್ಸಾಸ್ಟ್ ಫ್ಯಾನ್ ಚರಂಡಿ ಪೈಪಿನ ಗಾಳಿಯನ್ನು ಒಳಗೆ ಎಳೆದಿತ್ತು ಎಂದು ತನಿಖೆ ಹೇಳಿತು. ಬಳಸದ ಬಚ್ಚಲಿದ್ದರೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ.

ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ?

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ತಡೆದು ತಡೆದು ಬರುತ್ತದೆ. ಎದುರಿಗೆ ಇನ್ನೊಂದು ತೂತು ಹೊಡೆದರೆ ಸಲೀಸಾಗಿ ಸುರಿಯುತ್ತದೆ. ಗಾಳಿ ಒಳಗೆ ಬರಲು ದಾರಿ ಬೇಕು.

ಚರಂಡಿ ಪೈಪಿಗೂ ಇದೇ ಬೇಕು. ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದಾಗ ಒಟ್ಟಿಗೆ ನೀರು ಬೀಳುತ್ತದೆ. ಅದರ ಹಿಂದೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಪೈಪು ಪಕ್ಕದ ಟ್ರಾಪಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಜೊತೆಗೆ ಅಲ್ಲಿನ ನೀರನ್ನೂ ಎಳೆದು ಖಾಲಿ ಮಾಡುತ್ತದೆ. ಕಮೋಡು ಫ್ಲಶ್ ಮಾಡಿದಾಗ ಬಚ್ಚಲ ಜಾಲಿಯಲ್ಲಿ ಗುಳುಕ್ ಸದ್ದು ಬಂದರೆ ಕಾರಣ ಹೆಚ್ಚಾಗಿ ಇದೇ.

ಅದಕ್ಕೇ ನಿಂತ ಪೈಪನ್ನು ತಾರಸಿಯಿಂದ ಮೇಲಕ್ಕೆ ಒಯ್ದು ತುದಿಗೆ ಕೌಲ್ ಎಂಬ ತೂತಿನ ಟೋಪಿ ಹಾಕುತ್ತಾರೆ. ಗಾಳಿ ಬರುತ್ತದೆ, ಎಲೆ, ಹಕ್ಕಿ ಬೀಳುವುದಿಲ್ಲ. ಪಕ್ಕದಲ್ಲಿ ಕಿಟಕಿ ಇರಬಾರದು. ತಾರಸಿಯಲ್ಲಿ ಕೋಣೆ ಕಟ್ಟಿಸುವಾಗ ಅಡ್ಡ ಬಂತೆಂದು ಈ ಪೈಪನ್ನು ಕತ್ತರಿಸಿ ಮುಚ್ಚಳ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಳಗಿನ ಎಲ್ಲ ಬಚ್ಚಲುಗಳ ಉಸಿರು ಅದು.

ವಾಟ ಎಷ್ಟು?

ಹಳೆಯ ಎಂಜಿನಿಯರುಗಳ ಸುಲಭ ಲೆಕ್ಕ ಒಂದಿದೆ. ಪೈಪಿನ ಇಂಚನ್ನು ಹತ್ತರಿಂದ ಗುಣಿಸಿ. ನಾಲ್ಕಿಂಚಿಗೆ ನಲವತ್ತು. ಅಂದರೆ ನಲವತ್ತು ಅಡಿ ದೂರಕ್ಕೆ ಒಂದು ಅಡಿ ಇಳಿತ. ಹತ್ತಡಿ ಪೈಪಿಗೆ ಮೂರು ಇಂಚು. ಚಿಕ್ಕ ಪೈಪುಗಳಿಗೆ ವಾಟ ಇದಕ್ಕಿಂತ ಕಡಿಮೆ ಬೇಡ.

ಕಡಿಮೆಯಾದರೆ ಕಸ ಕೂರುತ್ತದೆ. ತೀರಾ ಜಾಸ್ತಿಯಾದರೆ? ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯಬಹುದು ಎಂದು ಅನುಭವಿ ಪ್ಲಂಬರುಗಳು ಎಚ್ಚರಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ವಾಟ ಜಾಸ್ತಿಯಾಗಿ ಕೆಟ್ಟಿದ್ದಕ್ಕಿಂತ ಕಡಿಮೆಯಾಗಿ ಕೆಟ್ಟಿದ್ದೇ ಹೆಚ್ಚು.

ಫ್ಲ್ಯಾಟುಗಳ ಬಚ್ಚಲಿನಲ್ಲಿ ಸ್ಲ್ಯಾಬನ್ನು ಒಂದಡಿಯಷ್ಟು ಕೆಳಗೆ ಇಳಿಸಿರುತ್ತಾರಲ್ಲ, ಸಂಕನ್ ಸ್ಲ್ಯಾಬ್ ಎನ್ನುತ್ತಾರೆ, ಅದು ಇದಕ್ಕೇ. ನಾಲ್ಕಿಂಚಿನ ಪೈಪು, ಅದರ ಮೂರು ಇಂಚಿನ ವಾಟ, ಟ್ರಾಪಿನ ಆಳ, ಮೇಲೆ ಗಾರೆ, ಟೈಲ್ಸ್. ಎಲ್ಲ ಕೂಡಿಸಿ ನೋಡಿ, ಒಂದಡಿ ಹಾಗೆಯೇ ತೀರಿಹೋಗುತ್ತದೆ. ಕಮೋಡನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಬದಲಿಸಬೇಕು ಎಂದರೆ ಪ್ಲಂಬರ್ ಯಾಕೆ ತಲೆ ಕೆರೆದುಕೊಳ್ಳುತ್ತಾರೆ ಎಂದು ಈಗ ಗೊತ್ತಾಯಿತಲ್ಲ. ದೂರ ಹೆಚ್ಚಿದಷ್ಟೂ ಇಳಿತ ಬೇಕು, ಇಳಿಯಲು ಜಾಗ ಇರುವುದಿಲ್ಲ.

ಅಂಟಿಸುವ ಕ್ರಮ

ಪ್ಲಾಸ್ಟಿಕ್ ಪೈಪಿಗೆ ಹಚ್ಚುವ ಸಲ್ಯೂಷನ್ ಫೆವಿಕಾಲಿನಂಥ ಅಂಟಲ್ಲ. ಅದು ಪಿವಿಸಿಯ ಮೈಯನ್ನೇ ಸ್ವಲ್ಪ ಕರಗಿಸುತ್ತದೆ. ಕರಗಿದ ಎರಡು ಮೈಗಳು ಒಂದಕ್ಕೊಂದು ಬೆರೆತು, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಇದು ತಿಳಿದರೆ ಉಳಿದ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಮೈಯ ಮೇಲೆ ಧೂಳು, ಒದ್ದೆ, ಎಣ್ಣೆ ಇದ್ದರೆ ಕರಗುವುದಿಲ್ಲ. ಎರಡೂ ಮೈಗೆ ಹಚ್ಚಬೇಕು. ಆರುವ ಮುಂಚೆ ಅಲುಗಿಸಿದರೆ ಬೆಸುಗೆ ಹರಿಯುತ್ತದೆ. ಬಿಸಿನೀರಿನ ಪೈಪಿಗೆ ಬಳಸುವ ಸಿಪಿವಿಸಿಗೆ ಬೇರೆ ಸಲ್ಯೂಷನ್, ಇಲ್ಲಿ ಹೇಳುತ್ತಿರುವ ಚರಂಡಿ ಪೈಪಿನ ಯುಪಿವಿಸಿಗೆ ಬೇರೆ. ಡಬ್ಬದಲ್ಲಿ ಗಟ್ಟಿಯಾದದ್ದನ್ನು ಥಿನ್ನರ್ ಹಾಕಿ ತೆಳು ಮಾಡಬಾರದು.

ಕ್ರಮ ಹೀಗೆ. ಪೈಪನ್ನು ಓರೆಯಾಗದಂತೆ ನೆಟ್ಟಗೆ ಕತ್ತರಿಸಿ. ಅಂಚಿನ ಸಿಪ್ಪೆಯನ್ನು ಅರದಿಂದ ಉಜ್ಜಿ ತೆಗೆಯಿರಿ. ಉಳಿದರೆ ಅದಕ್ಕೆ ಕೂದಲು ಸಿಕ್ಕಿಕೊಂಡು ಮುಂದೆ ಗಂಟಾಗುತ್ತದೆ. ಸಲ್ಯೂಷನ್ ಹಚ್ಚದೆ ಒಮ್ಮೆ ಒಣದಾಗಿಯೇ ಜೋಡಿಸಿ, ಪೈಪು ಎಲ್ಲಿಯವರೆಗೆ ಹೋಗುತ್ತದೆ, ಬೆಂಡು ಎತ್ತ ಮುಖ ಮಾಡಬೇಕು ಎಂದು ಪೆನ್ನಿನಿಂದ ಗೆರೆ ಎಳೆಯಿರಿ. ಬಿಚ್ಚಿ, ಒರೆಸಿ, ಎರಡೂ ಕಡೆ ತೆಳುವಾಗಿ ಸಮನಾಗಿ ಹಚ್ಚಿ. ಕಾಲು ಸುತ್ತು ತಿರುಗಿಸುತ್ತ ಗೆರೆಯವರೆಗೆ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಹೊರಗೆ ಸುತ್ತಲೂ ಒಂದು ತೆಳು ಉಂಗುರ ಕಂಡರೆ ಸರಿಯಾಗಿ ಹಚ್ಚಿದ್ದೀರಿ. ಜಾಸ್ತಿ ಸುರಿದರೆ ಒಳಗೆ ಮಡುಗಟ್ಟಿ ಪೈಪನ್ನೇ ಮೆತ್ತಗೆ ಮಾಡುತ್ತದೆ. ನೀರು ಬಿಡುವುದು ಮಾರನೆಯ ದಿನ. ಸಲ್ಯೂಷನ್ ಹೊಗೆ ತಲೆ ಸುತ್ತಿಸುತ್ತದೆ, ಬೇಗ ಬೆಂಕಿಯೂ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೀಡಿ ಬೇಡ.

ನಮ್ಮ ಮನೆಯಲ್ಲಿ ಆದದ್ದು ನೆನಪಿದೆಯಲ್ಲ? ಒಣ ಜೋಡಣೆ ಮಾಡಿ ಮರೆತದ್ದು. ಈಗ ಕೆಲಸ ಮಾಡಿದ ಪ್ಲಂಬರ್ ಒಳ್ಳೆಯ ಅಭ್ಯಾಸ ಇಟ್ಟುಕೊಂಡಿದ್ದರು. ಅಂಟಿಸಿದ ಪ್ರತಿ ಜಾಯಿಂಟಿನ ಮೇಲೂ ಕೆಂಪು ಮಾರ್ಕರ್‌ನಿಂದ ಒಂದು ಗೀಟು. ಗೀಟು ಇಲ್ಲದ್ದು ಅಂಟಿಸಿಲ್ಲ ಎಂದರ್ಥ.

ಇನ್ನೊಂದು ಬಗೆ ರಬ್ಬರ್ ರಿಂಗಿನದು. ಪೈಪಿನ ಅಗಲ ಬಾಯಿಗೆ ಸಾಕೆಟ್ ಎನ್ನುತ್ತಾರೆ. ಅದರ ಒಳಗಿನ ತೋಡಿನಲ್ಲಿ ರಿಂಗ್ ಕೂತಿರುತ್ತದೆ, ಇನ್ನೊಂದು ಪೈಪು ಅದರೊಳಗೆ ಬಿಗಿಯಾಗಿ ಜಾರುತ್ತದೆ. ಇದು ಯಾಕೆ ಬೇಕು? ಪ್ಲಾಸ್ಟಿಕ್ ಬಿಸಿಲಿಗೆ ಉದ್ದವಾಗುತ್ತದೆ. ಮೂರು ಮೀಟರ್ ಪೈಪು 30 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ಹೊರಗೋಡೆಯ ಉದ್ದ ಪೈಪನ್ನು ಎಲ್ಲ ಕಡೆ ಅಂಟಿಸಿಬಿಟ್ಟರೆ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಇಲ್ಲವೇ ಜಾಯಿಂಟು ಬಿಡುತ್ತದೆ. ಹಾಗಾಗಿ ಹೊರಗಿನ ನಿಂತ ಪೈಪಿಗೆ ರಿಂಗ್, ನೆಲದೊಳಗೆ ಹೂಳುವ ಚಿಕ್ಕ ತುಂಡುಗಳಿಗೆ ಸಲ್ಯೂಷನ್. ರಿಂಗ್ ಜೋಡಣೆಯಲ್ಲಿ ಪೈಪನ್ನು ಪೂರ್ತಿ ಒತ್ತಿ, ಆಮೇಲೆ 10 ಮಿ.ಮೀ. ಹಿಂದಕ್ಕೆ ಎಳೆಯಬೇಕು. ಆ ಸಂದು ಹಿಗ್ಗುವುದಕ್ಕೆ. ಜಾರಲು ಸೋಪಿನ ನೀರು ಹಚ್ಚಿ. ಗ್ರೀಸ್, ಎಂಜಿನ್ ಆಯಿಲ್ ಬೇಡ, ರಬ್ಬರ್ ಕೆಡುತ್ತದೆ. ಯಾವ ಜೋಡಣೆಯಾದರೂ ಸಾಕೆಟ್ಟಿನ ಅಗಲ ಬಾಯಿ ನೀರು ಬರುವ ಕಡೆಗೆ ಇರಬೇಕು. ಹಂಚಿನ ಮಾಡಿನಲ್ಲಿ ಮೇಲಿನ ಹಂಚು ಕೆಳಗಿನದರ ಮೇಲೆ ಕೂರುವ ಹಾಗೆ.

ಕ್ಲಿಪ್ಪು, ಬಿಸಿಲು, ಗಂಜಿ

ತೂಗಾಡುವ ಅಡ್ಡ ಪೈಪಿಗೆ ವ್ಯಾಸದ ಹತ್ತು ಪಟ್ಟು ದೂರಕ್ಕೊಂದು ಕ್ಲಿಪ್ಪು ಹಾಕಿಸಿ. 110ರ ಪೈಪಿಗೆ ಸುಮಾರು ಒಂದು ಮೀಟರಿಗೊಂದು. ಇಲ್ಲದಿದ್ದರೆ ನಡುವೆ ಜೋತು ಅಲ್ಲೇ ನೀರು ನಿಲ್ಲುತ್ತದೆ. ಬಿಸಿಲಿಗೆ ಬಿದ್ದ ಪೈಪು ವರ್ಷಗಳಲ್ಲಿ ಪೆಡಸಾಗುತ್ತದೆ, ಹೊರಗೋಡೆಯದಕ್ಕೆ ತಿಳಿ ಬಣ್ಣದ ಪೇಂಟ್ ಹೊಡೆಸಿ.

ಪಿವಿಸಿ ಸುಮಾರು 80 ಡಿಗ್ರಿಯ ಹತ್ತಿರ ಮೆದುವಾಗುತ್ತದೆ. ಅನ್ನ ಬಸಿದ ಕುದಿಯುವ ಗಂಜಿಯನ್ನು ದಿನಾ ನೇರ ಸಿಂಕಿಗೆ ಸುರಿಯುವ ಮನೆಗಳಲ್ಲಿ ಟ್ರಾಪು, ಮೊದಲ ಬೆಂಡು ಸೊಟ್ಟಗಾಗಬಹುದು. ಜೊತೆಗೆ ನಲ್ಲಿಯ ತಣ್ಣೀರು ಬಿಡಿ. ಗಂಜಿ ಆರಿದ ಮೇಲೆ ಗಿಡಕ್ಕೋ ಹಸುವಿಗೋ ಹಾಕಿದರೆ ಇನ್ನೂ ಒಳ್ಳೆಯದು.

ಮಳೆ ನೀರಿಗೆ ಬೇರೆ ದಾರಿ

ತಾರಸಿಯ ಮಳೆ ನೀರಿನ ಪೈಪನ್ನು ಹತ್ತಿರದ ಬಚ್ಚಲ ಪೈಪಿಗೆ ಸೇರಿಸಿಬಿಡುವುದು ಸುಲಭ. ಆದರೆ ಒಳಚರಂಡಿಯನ್ನು ಮಳೆಯ ಅಳತೆಗೆ ಕಟ್ಟಿರುವುದಿಲ್ಲ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಗಳ ಬಚ್ಚಲಿನಿಂದ ಕೊಳಕು ನೀರು ಮೇಲೆ ಬರುತ್ತದೆ. ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯಿಂದ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯವೂ ಆಗಿದೆ. ಆ ಪೈಪು ಸಂಪಿಗೋ ಇಂಗುಗುಂಡಿಗೋ ಹೋಗಲಿ.

ಮುಚ್ಚುವ ಮುಂಚೆ ಒಂದು ದಿನ

ಪೈಪು ಕೂರಿಸಿ ಮುಗಿದ ದಿನವೇ ಮೇಸ್ತ್ರಿ ಗಾರೆ ಕಲಸಲು ಶುರು ಮಾಡುತ್ತಾರೆ. ಒಂದು ದಿನ ತಡೆಯಿರಿ. ಕೆಳತುದಿಗೆ ಬಿರಡೆ ಹಾಕಿ, ಪೈಪಿನಲ್ಲಿ ನೆಲದ ಮಟ್ಟದವರೆಗೆ ನೀರು ತುಂಬಿ, ಗುರುತು ಹಾಕಿ. ಕೆಲವು ಗಂಟೆ ಬಿಟ್ಟು ನೋಡಿ. ನೀರು ಇಳಿದಿದ್ದರೆ ಸೋರಿಕೆ ಇದೆ, ಜಾಯಿಂಟು ಕಣ್ಣೆದುರೇ ಇದೆ, ಹತ್ತು ನಿಮಿಷದ ಕೆಲಸ. ಬಿರಡೆ ತೆಗೆದ ಮೇಲೆ ಮೇಲಿನ ತುದಿಯಲ್ಲಿ ಒಂದು ಬಕೆಟ್ ನೀರಿನ ಜೊತೆ ಪೈಪಿಗಿಂತ ಚಿಕ್ಕದಾದ ಚೆಂಡು ಬಿಡಿ. ಅದು ಚೇಂಬರಿನಲ್ಲಿ ಬಂದು ಬಿದ್ದರೆ ಒಳಗೆ ಗಾರೆಯ ಮುದ್ದೆ, ಇಟ್ಟಿಗೆ ಚೂರು ಸಿಕ್ಕಿಲ್ಲ ಎಂದು ಗೊತ್ತಾಗುತ್ತದೆ. ಕೆಲಸ ಮುಗಿಯುವವರೆಗೆ ಪೈಪಿನ ತೆರೆದ ಬಾಯಿಗಳಿಗೆಲ್ಲ ಮುಚ್ಚಳ ಇರಲಿ. ಬಟ್ಟೆ ತುರುಕಿದರೆ ಅದೇ ಒಳಗೆ ಬೀಳುತ್ತದೆ.

ಆಮೇಲೆ ಫೋನ್ ತೆಗೆದುಕೊಳ್ಳಿ. ಗೋಡೆಗೆ ಅಳತೆ ಟೇಪ್ ಹಿಡಿದು, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಜಾಯಿಂಟು ಯಾವ ಗೋಡೆಯಿಂದ ಎಷ್ಟು ಅಡಿ ಎಂದು ಕಾಣುವ ಹಾಗೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ನಮ್ಮಲ್ಲಿ ಅಂಥ ಒಂದು ಫೋಟೋ ಇದ್ದಿದ್ದರೆ ಎರಡು ದಿನ ಅಗೆಯಬೇಕಿರಲಿಲ್ಲ, ನಾಲ್ಕು ಟೈಲ್ಸ್ ತೆಗೆದರೆ ಸಾಕಿತ್ತು. ಈಗ ತೆಗೆದ ಹದಿನೆಂಟು ಫೋಟೋಗಳ ಒಂದು ಪ್ರತಿ ಕೆಳಗಿನ ಮನೆಯವರ ಹತ್ತಿರವೂ ಇದೆ.